ನಿಂತ ಕುದುರೆಗೆ ಹೇಳಿದ ಮಾತು

ಸ್ಟಾಕ್‌ಹೋಮ್‌ನಲ್ಲಿ ಅಪರಿಚಿತರ ಬಾಯಿಂದ ನಾನು ಕೇಳಿದ ಮೊದಲ ಕನ್ನಡ ಮಾತು ಗದರಿಕೆ. ಅದೂ ಕುದುರೆಯ ಮೇಲೆ ಕೂತು ಸೊಂಟಕ್ಕೆ ಕತ್ತಿ ಕಟ್ಟಿಕೊಂಡಿದ್ದ, ಮೊಮ್ಮಗಳ ವಯಸ್ಸಿನ ಹುಡುಗಿಯೊಬ್ಬಳಿಂದ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಗದರಿದ ರೀತಿ ಅಷ್ಟು ಚೆನ್ನಾಗಿತ್ತು.

ನಾನು ಯಾರು ಅಂತ ಮೊದಲೇ ಹೇಳಿಬಿಡುತ್ತೇನೆ. ಹೆಸರು ವೆಂಕಟರಮಣ. ಮೈಸೂರಿನಲ್ಲಿ ಪೊಲೀಸ್ ಅಶ್ವಾರೋಹಿ ದಳದಲ್ಲಿ ಮೂವತ್ತನಾಲ್ಕು ವರ್ಷ ಕುದುರೆಯ ಮೇಲಿದ್ದವನು. ಇಪ್ಪತ್ತೊಂಬತ್ತು ದಸರಾ ಮೆರವಣಿಗೆಗಳಲ್ಲಿ ಸವಾರಿ ಮಾಡಿದ್ದೇನೆ. ನನಗೆ ಗೊತ್ತಿಲ್ಲದ ವಿಷಯಗಳು ಪ್ರಪಂಚದಲ್ಲಿ ಬೇಕಾದಷ್ಟಿವೆ, ಅವುಗಳಲ್ಲಿ ಕುದುರೆ ಸೇರಿಲ್ಲ. ಹೀಗೆಂದರೆ ಸಾಕು, ನನ್ನ ಮಗಳು ನಿವೇದಿತಾ "ಶುರುವಾಯ್ತು" ಅನ್ನುತ್ತಾಳೆ.

ನಿವೇದಿತಾ ಸ್ಟಾಕ್‌ಹೋಮ್ ಪಕ್ಕದ ಸೋಡರ್‌ಟೆಲ್ಯೆಯ ಟ್ರಕ್ ಕಾರ್ಖಾನೆಯಲ್ಲಿ ಎಂಜಿನಿಯರ್. ಎರಡು ತಿಂಗಳ ಮಟ್ಟಿಗೆ ಅವಳ ಮನೆಗೆ ಬಂದಿದ್ದೆ. ವಿಮಾನ ನಿಲ್ದಾಣದಿಂದ ಮನೆ ತಲುಪುವುದರೊಳಗೆ ಅವಳು ಮಾಡಬಾರದ್ದರ ಪಟ್ಟಿಯನ್ನೇ ಒಪ್ಪಿಸಿದ್ದಳು. ಬಸ್ಸಿನಲ್ಲಿ ಪಕ್ಕದವರ ಸಂಬಳ ಕೇಳಬಾರದು. ಬೇರೆಯವರ ಮಕ್ಕಳ ಕೆನ್ನೆ ಹಿಂಡಬಾರದು. ಕೇಳದೆ ಯಾರ ನಾಯಿಯನ್ನೂ ಮುಟ್ಟಬಾರದು. ಪಟ್ಟಿಯಲ್ಲಿ ಕುದುರೆ ಇರಲಿಲ್ಲ. ಆಮೇಲೆ ಆದದ್ದಕ್ಕೆ ಅರ್ಧ ಹೊಣೆ ಅವಳದ್ದೇ ಅಂತ ನಾನು ಇವತ್ತಿಗೂ ವಾದಿಸುತ್ತೇನೆ.

ಬಂದ ಎರಡನೆಯ ವಾರ ಅವಳು ರಜೆ ಹಾಕಿ, ಅರಮನೆಯ ಮುಂದೆ ಕಾವಲು ಬದಲಾಗುವುದನ್ನು ತೋರಿಸಲು ಕರೆದುಕೊಂಡು ಹೋದಳು. ಅರಮನೆಯ ಹೊರ ಅಂಗಳದಲ್ಲಿ ಹಗ್ಗ ಕಟ್ಟಿ ಜನರನ್ನು ನಿಲ್ಲಿಸಿದ್ದರು. ಬ್ಯಾಂಡ್ ಬಂತು, ಅದರ ಹಿಂದೆ ನೀಲಿ ಅಂಗಿ, ಮೊನೆಯಿರುವ ಶಿರಸ್ತ್ರಾಣ ತೊಟ್ಟ ಸವಾರರು ಬಂದು ಸಾಲಾಗಿ ನಿಂತರು. ಎಲ್ಲರೂ ಅರಮನೆ ನೋಡುತ್ತಿದ್ದರೆ ನಾನು ಕುದುರೆಗಳ ಕಾಲು ನೋಡಿದೆ, ಬೆನ್ನು ನೋಡಿದೆ, ಸವಾರರ ಕೈ ನೋಡಿದೆ. ಒಳ್ಳೆಯ ಕುದುರೆಗಳು, ಚೆನ್ನಾಗಿ ತಿಂದು ಚೆನ್ನಾಗಿ ಮೈ ಉಜ್ಜಿಸಿಕೊಂಡವು. ಸಾಲಿನ ಕೊನೆಯ ಕಂದು ಕುದುರೆ ಮಾತ್ರ ತಲೆ ಕೊಡವುತ್ತಲೇ ಇತ್ತು. ಅದರ ಮೇಲಿದ್ದವಳು ಲಗಾಮನ್ನು ತೀರಾ ಬಿಗಿ ಹಿಡಿದಿದ್ದಳು. ಬಾಯೊಳಗೆ ಕಬ್ಬಿಣ ಒತ್ತುತ್ತಿದ್ದರೆ ಯಾವ ಕುದುರೆ ಸುಮ್ಮನೆ ನಿಂತೀತು?

ಕುದುರೆಯ ಹತ್ತಿರ ನಾನು ಕನ್ನಡ ಬಿಟ್ಟು ಬೇರೆ ಭಾಷೆ ಆಡಿದವನಲ್ಲ. "ಕೈ ಸಡಿಲ ಬಿಡು ಮಗಳೇ, ಅದರ ಬಾಯಿ ನೋಯ್ತಾ ಇದೆ" ಅಂತ ಜೋರಾಗಿ ಹೇಳಿದೆ. ಹೇಳುತ್ತಲೇ ಹಗ್ಗ ದಾಟಿದ್ದೆ, ಜೇಬಿನಿಂದ ಬೆಲ್ಲದ ಚೂರನ್ನೂ ತೆಗೆದಿದ್ದೆ. ಸರ್ವಿಸ್‌ನಲ್ಲಿದ್ದಾಗ ಜೇಬಿನಲ್ಲಿ ಬೆಲ್ಲ ಇಟ್ಟುಕೊಂಡ ಅಭ್ಯಾಸ ನಿವೃತ್ತಿಯಾಗಿ ಏಳು ವರ್ಷವಾದರೂ ಬಿಟ್ಟಿಲ್ಲ.

ಆ ಹುಡುಗಿ ಮೊದಲು ಸ್ವೀಡಿಷ್‌ನಲ್ಲಿ ಏನೋ ಗದರಿದಳು. ನಾನು ನಿಲ್ಲಲಿಲ್ಲ. ಇಂಗ್ಲಿಷಿನಲ್ಲಿ ಗದರಿದಳು. ಆಗಲೂ ನಿಲ್ಲಲಿಲ್ಲ. ಆಮೇಲೆ ಕತ್ತು ತಿರುಗಿಸದೆ, ಕಣ್ಣಷ್ಟೇ ನನ್ನ ಕಡೆ ಹೊರಳಿಸಿ, ಇಡೀ ಅಂಗಳಕ್ಕೆ ಕೇಳುವ ಹಾಗೆ ಹೇಳಿದಳು: "ಹಿಂದೆ ಹೋಗಿ, ತಾತ."

ನನ್ನ ಕಾಲುಗಳು ನನ್ನನ್ನು ಕೇಳದೆಯೇ ಹಿಂದೆ ಸರಿದವು. ಆ ಧ್ವನಿಯಲ್ಲಿ ಹುಕುಂ ಇತ್ತು, ಅದನ್ನು ಪಾಲಿಸಿಯೇ ಬದುಕಿದವನು ನಾನು. ಹಗ್ಗದ ಈಚೆ ಬಂದು ನಿಂತು ನೋಡಿದರೆ, ಅವಳ ಎಡಗೈಯ ಬೆರಳುಗಳು ಸ್ವಲ್ಪವೇ ಸಡಿಲಾಗಿದ್ದವು. ಕುದುರೆ ತಲೆ ತಗ್ಗಿಸಿ ಶಾಂತವಾಯಿತು. "ನೋಡಿದೆಯಾ" ಅಂತ ನಿವೇದಿತಾಳ ಕಡೆ ತಿರುಗಿದೆ. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು.

ಸಂಜೆ ಅವಳು ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ, ಅರಮನೆಯ ಮುಂದೆ ನಮ್ಮಪ್ಪನನ್ನು ಕನ್ನಡದಲ್ಲಿ ಗದರಿದ ಸೈನಿಕಳು ಯಾರ ಮನೆಯ ಮಗಳು ಅಂತ ಕೇಳಿದಳು. ಹತ್ತು ನಿಮಿಷದಲ್ಲಿ ಸೊಲ್ಲೆಂಟುನಾದಿಂದ ಕೋಕಿಲಾ ಅನ್ನುವವರು ಫೋನ್ ಮಾಡಿದರು. ಹುಡುಗಿ ಅವರ ಮಗಳು ಚಾರ್ವಿ, ಹತ್ತೊಂಬತ್ತು ವರ್ಷ, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಈ ದೇಶದಲ್ಲಿ ಹದಿನೆಂಟು ತುಂಬುವ ಹೊತ್ತಿಗೆ ಹುಡುಗ ಹುಡುಗಿ ಎಲ್ಲರಿಗೂ ಸೈನ್ಯದಿಂದ ಪತ್ರ ಬರುತ್ತದಂತೆ. ಪರೀಕ್ಷೆ ಮಾಡಿ ಕೆಲವರನ್ನು ಆರಿಸಿ ವರ್ಷದ ಮಟ್ಟಿಗೆ ಸೇವೆಗೆ ತೆಗೆದುಕೊಳ್ಳುತ್ತಾರಂತೆ. ಚಾರ್ವಿ ಎಂಟನೆಯ ವಯಸ್ಸಿನಿಂದ ಕುದುರೆ ಸವಾರಿ ಕಲಿತವಳಾದ್ದರಿಂದ ಅವಳನ್ನು ಕುದುರೆ ಪಡೆಗೆ ಹಾಕಿದ್ದರು. ಜೂನ್ ಆರರಂದು ರಾಷ್ಟ್ರೀಯ ದಿನದ ಮೆರವಣಿಗೆಯಲ್ಲಿ ಸವಾರಿ ಮಾಡಲು ಅವಳ ಹೆಸರು ಬಂದಿದೆ, ಅದಕ್ಕಾಗಿ ಅದರ ಮುಂಚಿನ ಭಾನುವಾರ ಮನೆಯಲ್ಲಿ ಒಂದು ಸಂಭ್ರಮ, ನೀವು ಬರಲೇಬೇಕು ಅಂತ ಕೋಕಿಲಾ ಕರೆದರು. ಅವರ ಗಂಡ ಯೋಗೀಶ ಮೈಸೂರಿನ ನಜರ್‌ಬಾದಿನವನು. ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಜಂಬೂಸವಾರಿ ನೋಡಿದವನು. ಹಾಗಾದರೆ ನನ್ನನ್ನೂ ನೋಡಿರುತ್ತಾನೆ, ಅಂದೆ.

ಭಾನುವಾರ ಕರಿ ಕೋಟು ಹಾಕಿ, ಮೈಸೂರು ಪೇಟ ಇಟ್ಟು, ಮಂಡ್ಯದ ಅಚ್ಚುಬೆಲ್ಲ ಎರಡು ಕಟ್ಟಿಕೊಂಡು ಹೊರಟೆ. ಸೋಡರ್‌ಟೆಲ್ಯೆಯಿಂದ ಸೊಲ್ಲೆಂಟುನಾಗೆ ಒಂದೇ ಲೋಕಲ್ ರೈಲು. ದಾರಿಯುದ್ದಕ್ಕೂ ನಿವೇದಿತಾಳದು ಒಂದೇ ಷರತ್ತು, ಯಾರಿಗೂ ಉಪದೇಶ ಮಾಡಕೂಡದು. ಕರೆದದ್ದು ಎರಡು ಗಂಟೆಗೆ. ಐದು ನಿಮಿಷ ಮುಂಚೆ ಬಂದೆವೆಂದು ಅವಳು ನನ್ನನ್ನು ಅದೇ ರಸ್ತೆಯಲ್ಲಿ ಎರಡು ಸುತ್ತು ಹಾಕಿಸಿ, ಸರಿಯಾಗಿ ಎರಡಕ್ಕೆ ಬೆಲ್ ಒತ್ತಿದಳು. ಆಗ ಒಳಗಿದ್ದವರು ಪಕ್ಕದ ಮನೆಯ ಸ್ವೀಡಿಷ್ ದಂಪತಿ ಮಾತ್ರ. ನಮ್ಮ ಜನ ಮೂರರ ಮೇಲೆ ಬಂದರು, ಬಂದಾಗ ನಲವತ್ತು ಮಂದಿ ಒಟ್ಟಿಗೇ ಬಂದರು.

ಸಾಲುಮನೆ, ಹಿಂದೆ ಪುಟ್ಟ ತೋಟ, ಅದರ ಬೇಲಿಯಾಚೆ ಕೊಮ್ಯೂನ್‌ನವರ, ಅಂದರೆ ಇಲ್ಲಿನ ಪುರಸಭೆಯವರ, ದೊಡ್ಡ ಹುಲ್ಲುಬಯಲು. ತೋಟದಲ್ಲಿ ಬಿಸಿಬೇಳೆಬಾತ್, ಮೊಸರನ್ನ, ಚಿರೋಟಿ, ಪಕ್ಕದ ಮನೆಯವರು ತಂದ ಹಸಿರು ಕೇಕ್, ಮೂರು ಫ್ಲಾಸ್ಕ್ ಕಾಫಿ. ಯೋಗೀಶ ನನ್ನ ಪೇಟ ನೋಡಿದ್ದೇ ಕಾಲಿಗೆ ಬಿದ್ದ. ಆಮೇಲೆ ಅಡುಗೆಮನೆಯ ಮೂಲೆಗೆ ಕರೆದುಕೊಂಡು ಹೋಗಿ, ಮಗಳಿಗೂ ಹೆಂಡತಿಗೂ ಹೇಳದ ಗುಟ್ಟೊಂದನ್ನು ನನಗೆ ಹೇಳಿದ. ನಾಲ್ಕು ಗಂಟೆಗೆ ಒಂದು ಕುದುರೆ ಬರುತ್ತದೆ. ಚಾರ್ವಿ ಚಿಕ್ಕವಳಿದ್ದಾಗ ಕಲಿತ ರೈಡಿಂಗ್ ಸ್ಕೂಲಿನದೇ ಕುದುರೆ. ಅವಳ ತಲೆಗೆ ಪೇಟ ಇಟ್ಟು, ಕುದುರೆ ಹತ್ತಿಸಿ, ಎಲ್ಲರೆದುರು ಕೋಕಿಲಾ ಆರತಿ ಎತ್ತಬೇಕು, ನಾನು ಮುಂದೆ ನಿಂತು ಕುದುರೆಯ ಹಗ್ಗ ಹಿಡಿಯಬೇಕು. ಮಗಳ ಸಂಭ್ರಮಕ್ಕೆ ಕುದುರೆಯನ್ನೇ ಕರೆಸುವ ಅಪ್ಪ ಮೈಸೂರಿನವನಲ್ಲದೆ ಬೇರೆ ಯಾರಿದ್ದಾರು? ನನ್ನ ಎದೆ ಎರಡು ಅಂಗುಲ ಹಿಗ್ಗಿತು. ಒಪ್ಪಿಕೊಂಡೆ.

ಆ ಹಿಗ್ಗಿನಲ್ಲೇ ಹೊರಗೆ ಬಂದಾಗ ಚಾರ್ವಿಯನ್ನು ನೋಡಿದೆ. ಕುರ್ತಾ, ಜೀನ್ಸ್ ಹಾಕಿಕೊಂಡು ಎಲ್ಲರಿಗೂ ಕಾಫಿ ಕೊಡುತ್ತ ಓಡಾಡುತ್ತಿದ್ದಳು. ಎಷ್ಟು ಜನ ಕರೆದರೂ ಕೂರುತ್ತಿರಲಿಲ್ಲ. ಮೆಟ್ಟಿಲು ಹತ್ತುವಾಗ ಎಡಗಾಲನ್ನೇ ಮೊದಲಿಟ್ಟು ಬಲಗಾಲನ್ನು ಆಮೇಲೆ ಎಳೆದುಕೊಳ್ಳುತ್ತಿದ್ದಳು. ಬಿದ್ದ ಸವಾರರನ್ನು ಗುರುತಿಸಲು ನನಗೆ ಡಾಕ್ಟರ ಚೀಟಿ ಬೇಕಿಲ್ಲ. ಹತ್ತಿರ ಹೋಗಿ, ಯಾವಾಗ ಬಿದ್ದೆ ಅಂತ ಮೆಲ್ಲಗೆ ಕೇಳಿದೆ.

ಅವಳು ಮುಖದ ಮೇಲಿನ ನಗು ಹಾಗೇ ಇಟ್ಟುಕೊಂಡು ಕೈಯಲ್ಲಿದ್ದ ಫ್ಲಾಸ್ಕನ್ನು ಮೇಜಿನ ಮೇಲಿಟ್ಟಳು. ತಾತನಿಗೆ ನನ್ನ ಸೈಕಲ್ ತೋರಿಸಿ ಬರ್ತೀನಿ ಅಂತ ಯಾರಿಗೋ ಹೇಳಿ, ಮನೆಯ ಪಕ್ಕದ ಸೈಕಲ್ ಶೆಡ್ಡಿನ ಹಿಂದೆ ಕರೆದುಕೊಂಡು ಹೋದಳು. ಇನ್ನೂ ಯಾರಿಗೂ ಗೊತ್ತಿಲ್ಲ, ಅಪ್ಪ ಅಮ್ಮನಿಗೂ ಹೇಳಿಲ್ಲ, ಅಂದಳು.

ಬಿದ್ದದ್ದು ನಾನು ಅರಮನೆಗೆ ಹೋಗಿದ್ದ ದಿನವೇ. ಕಾವಲು ಮುಗಿಸಿ ಲಾಯಕ್ಕೆ ಹಿಂತಿರುಗುವಾಗ, ನೀರಿನ ಪಕ್ಕದ ದೊಡ್ಡ ರಸ್ತೆಯಲ್ಲಿ, ನಿಲ್ದಾಣದಲ್ಲಿ ನಿಂತಿದ್ದ ಬಸ್ಸೊಂದು ಬ್ರೇಕಿನ ಗಾಳಿ ಬಿಟ್ಟಿತು. ಬಾಲ್ಡರ್, ಅಂದರೆ ಆ ಕಂದು ಕುದುರೆ, ಬೆಚ್ಚಿ ಪಕ್ಕಕ್ಕೆ ನೆಗೆಯಿತು. ಅವಳು ಬಲ ಸೊಂಟದ ಮೇಲೆ ಬಿದ್ದಳು. ಕುದುರೆ ಟ್ರಾಮ್ ಹಳಿಯವರೆಗೂ ಓಡಿ, ಜೊತೆಯವನೊಬ್ಬ ಹಿಡಿದು ತಂದ. ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ.

"ನೀವು ಹೇಳಿದ ಹಾಗೇ ಮಾಡಿದೆ ತಾತ" ಅಂದಳು ಚಾರ್ವಿ. "ಕೈ ಸಡಿಲ ಬಿಟ್ಟೆ. ಬಾಲ್ಡರ್ ಅಷ್ಟು ಕೂಲಾಗಿ ನಿಂತಿದ್ದು ಅದೇ ಫಸ್ಟ್ ಟೈಮ್. ಅದಕ್ಕೇ ವಾಪಸ್ ಹೋಗೋವಾಗ್ಲೂ ಹಾಗೇ ಬಿಟ್ಟಿದ್ದೆ. ಬಸ್ ಸೌಂಡ್ ಆದಾಗ ನನ್ನ ಕೈಯಲ್ಲಿ ಏನೂ ಇರ್ಲಿಲ್ಲ."

ನನಗೆ ಮೊದಲು ಬಂದದ್ದು ಸಿಟ್ಟು. ನಾನು ಹೇಳಿದ್ದು ನಿಂತ ಕುದುರೆಗೆ, ನಡೆಯುವ ಕುದುರೆಗಲ್ಲ ಅಂತ ಶುರು ಮಾಡಿದೆ. ರಸ್ತೆಗೆ ಬಿದ್ದ ಮೇಲೆ ಲಗಾಮು ಕೈಯಲ್ಲಿ ಜೀವಂತ ಇರಬೇಕು, ಸಡಿಲ ಅಂದರೆ ಬಿಟ್ಟೇ ಬಿಡುವುದಲ್ಲ, ಇದು ಮೊದಲ ತಿಂಗಳ ಪಾಠ ಅಂದೆ.

"ಅದು ನನಗೆ ಹೇಗೆ ಗೊತ್ತಾಗ್ಬೇಕು ತಾತ?" ಅಂತ ಕೇಳಿದಳು. ಧ್ವನಿಯಲ್ಲಿ ಕೋಪವೇ ಇರಲಿಲ್ಲ. ಕೋಪ ಇದ್ದಿದ್ದರೆ ನಾನು ಇನ್ನೂ ಅರ್ಧ ಗಂಟೆ ವಾದಿಸುತ್ತಿದ್ದೆ.

ದಾರಿಹೋಕನ ಮಾತನ್ನು ಯಾಕೆ ಕೇಳಿದೆ, ನಿನಗೆ ಕಲಿಸುವವರು ಇರಲಿಲ್ಲವೇ ಅಂತ ಕೇಳಿದೆ. ಇದ್ದಾರೆ, ಕೈ ಬಿಗಿಯಾಯಿತು ಅಂತ ಅವರೂ ತಿಂಗಳುಗಟ್ಟಲೆ ಹೇಳಿದ್ದಾರೆ, ಅಂದಳು. ಆಮೇಲೆ ಸೈಕಲ್ಲಿನ ಗಂಟೆಯನ್ನು ಹೆಬ್ಬೆರಳಿನಿಂದ ಒರೆಸಿದಳು. "ಕನ್ನಡದಲ್ಲಿ ನನಗೆ ಯಾರೂ ಆರ್ಡರ್ ಕೊಟ್ಟಿಲ್ಲ ತಾತ, ಊಟ ಮಾಡು, ಸ್ವೆಟರ್ ಹಾಕ್ಕೋ, ಅಷ್ಟೇ. ನೀವು ಹೇಳಿದಾಗ, ಯಾರೋ ನನ್ನವರೇ ಹೇಳಿದ ಹಾಗಾಯ್ತು. ನಂಬ್ಬಿಟ್ಟೆ."

ನಮ್ಮ ದಳದಲ್ಲಿ ಒಂದು ಕಟ್ಟುನಿಟ್ಟು ಇತ್ತು. ಸಾಲಿನಲ್ಲಿ ನಿಂತ ಸವಾರನಿಗೆ ಅವನ ಅಧಿಕಾರಿ ಬಿಟ್ಟು ಬೇರೆ ಯಾರೂ ಏನೂ ಹೇಳಕೂಡದು. ಎರಡು ಕಡೆಯಿಂದ ಮಾತು ಕೇಳಿದವನು ಕುದುರೆಯ ಮಾತು ಕೇಳಿಸಿಕೊಳ್ಳುವುದಿಲ್ಲ. ಸಾಲಿಗೆ ಕೂಗಿ ಬುದ್ಧಿ ಹೇಳಿದ ಕಾನ್‌ಸ್ಟೇಬಲ್ ಒಬ್ಬನಿಂದ ಹದಿನೈದು ದಿನ ಲಾಯದ ಲದ್ದಿ ಬಾಚಿಸಿದವನು ನಾನು. ಅದೇ ನಾನು, ಯಾರದೋ ದೇಶದ, ಯಾರದೋ ಸಾಲಿಗೆ ನುಗ್ಗಿ, ಅರ್ಧ ಮಾತು ಎಸೆದು ಬಂದಿದ್ದೆ. ಉಳಿದರ್ಧ ನನ್ನ ತಲೆಯಲ್ಲೇ ಇತ್ತು.

"ತಪ್ಪು ನನ್ನದು ಮಗಳೇ" ಅಂದೆ. ನನ್ನ ಹೆಂಡತಿ ಈ ಮಾತನ್ನು ಕೇಳಬೇಕೆಂದು ನಲವತ್ತು ವರ್ಷ ಕಾದಿದ್ದಾಳೆ.

ಚಾರ್ವಿ ಜೇಬಿನಿಂದ ಫೋನ್ ತೆಗೆದು ತೋರಿಸಿದಳು. ಬಿದ್ದಂದಿನಿಂದ ಅವಳು ಬಾಲ್ಡರನ ಮೈ ಉಜ್ಜುತ್ತಾಳೆ, ಮೇವು ಹಾಕುತ್ತಾಳೆ, ರಿಕಾಪಿನಲ್ಲಿ ಕಾಲಿಟ್ಟರೆ ಮಾತ್ರ ಮೊಣಕಾಲು ನಡುಗುತ್ತದೆ. ಸೊಂಟ ನೋವು ಅಂತ ಹತ್ತು ದಿನ ತಳ್ಳಿದ್ದಾಳೆ. ಮೆರವಣಿಗೆಗೆ ಬರುತ್ತೀಯೋ, ಬೇರೆಯವರನ್ನು ಹಾಕಲೋ, ಭಾನುವಾರ ಸಂಜೆಯೊಳಗೆ ತಿಳಿಸು ಅಂತ ಅವಳ ಅಧಿಕಾರಿ ಹೇಳಿದ್ದರು. ಬರುವುದಿಲ್ಲ ಅಂತ ಸ್ವೀಡಿಷ್‌ನಲ್ಲಿ ಬರೆದಿಟ್ಟಿದ್ದಳು. ಕಳಿಸುವುದೊಂದು ಬಾಕಿ. ಅಷ್ಟರಲ್ಲಿ ಅಪ್ಪ ನಲವತ್ತು ಜನರನ್ನು ಕರೆದುಬಿಟ್ಟಿದ್ದ.

ಅಪ್ಪನ ವಿಷಯ ಆಮೇಲೆ ನೋಡೋಣ, ನಿನಗೆ ಆ ಸವಾರಿ ಬೇಕೋ ಬೇಡವೋ ಅಂತ ಕೇಳಿದೆ.

"ಬೇಕು" ಅಂದಳು. "ತುಂಬಾ ಬೇಕು. ಕಾಲು ಮಾತು ಕೇಳ್ತಿಲ್ಲ."

ಆಗ ನನ್ನ ಕಥೆ ಹೇಳಿದೆ. ದಸರೆಗೆ ಮುಂಚೆ ಮೈಸೂರಿನಲ್ಲಿ ಕುಶಾಲತೋಪಿನ ತಾಲೀಮು ನಡೆಯುತ್ತದೆ. ಆನೆ ಕುದುರೆಗಳನ್ನು ಸಾಲಾಗಿ ನಿಲ್ಲಿಸಿ, ಫಿರಂಗಿಯ ಸದ್ದಿಗೆ ಹೊಂದಿಕೊಳ್ಳಲೆಂದು ಅವುಗಳೆದುರೇ ಹಾರಿಸುತ್ತಾರೆ. ನನ್ನ ಮೂರನೆಯ ವರ್ಷ, ಮೊದಲ ಗುಂಡಿಗೇ ರಣಧೀರ ಅನ್ನುವ ಕುದುರೆ ನನ್ನನ್ನು ನೆಲಕ್ಕೆ ಎಸೆಯಿತು. ನನ್ನ ಪೇಟ ಉರುಳಿಕೊಂಡು ಹೋಗಿ ಫಿರಂಗಿಯ ಗಾಲಿಗೆ ಬಡಿಯಿತು. ಇಡೀ ದಳ ನಕ್ಕಿತು. ಆದರೆ ನಮ್ಮಲ್ಲಿ ಬಿದ್ದವರಿಗೊಂದು ಕ್ರಮ ಇತ್ತು. ಬಿದ್ದ ದಿನ ಸೂರ್ಯ ಮುಳುಗುವುದರೊಳಗೆ ಕುದುರೆಗೆ ಕೈಯಾರೆ ಬೆಲ್ಲ ತಿನ್ನಿಸಬೇಕು, ಹತ್ತಬೇಕು, ಒಂದು ಸುತ್ತು ಬರಬೇಕು. ರಾತ್ರಿ ದಾಟಿದರೆ ಭಯ ಬಲಿಯುತ್ತದೆ ಅಂತ. ಹತ್ತಿದೆ. ಆ ಸುತ್ತಿನಲ್ಲಿ ನನ್ನ ಕಾಲೂ ನಡುಗಿತ್ತು. ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

"ನಾನು ಬಿದ್ದು ಹತ್ತು ದಿನ ಆಯ್ತು ತಾತ."

"ಆದರೇನು? ನಾನು ಬಂದು ಮೂರು ವಾರ ಆಯ್ತು, ನಿಮ್ಮೂರಲ್ಲಿ ಸೂರ್ಯ ಮುಳುಗಿದ್ದನ್ನ ಒಂದು ದಿನವೂ ನೋಡಿಲ್ಲ. ಇನ್ನೂ ಟೈಮಿದೆ."

"ನೀವು ಎಷ್ಟು ಗಂಟೆಗೆ ಮಲಗ್ತೀರಾ?"

"ಎಂಟೂವರೆಗೆ."

ಅವಳು ನಕ್ಕಳು. ಅವತ್ತು ಅವಳು ನಿಜವಾಗಿ ನಕ್ಕಿದ್ದು ಅದೇ ಮೊದಲು. ಆ ನಗುವಿನ ಮಧ್ಯೆಯೇ ಬಯಲಿನ ಕಡೆಯಿಂದ ಟ್ರೈಲರಿನ ಬಾಗಿಲು ಧಡಾರನೆ ಬಿದ್ದ ಸದ್ದು, ಮಕ್ಕಳು ಕುದುರೆ ಕುದುರೆ ಅಂತ ಓಡಿದ ಸದ್ದು. ನಾಲ್ಕು ಗಂಟೆಯಾಗಿತ್ತು. ನನ್ನ ಕಥೆ ಹೇಳುವ ಭರದಲ್ಲಿ ಯೋಗೀಶನ ಗುಟ್ಟನ್ನು ಇವಳಿಗೆ ಹೇಳುವುದನ್ನೇ ಮರೆತಿದ್ದೆ.

ಚಾರ್ವಿಯ ಮುಖ ಬಿಳುಚಿಕೊಂಡಿತು. ನಾವು ಬಯಲಿಗೆ ಬರುವ ಹೊತ್ತಿಗೆ ಎಲ್ಲ ಸಜ್ಜಾಗಿತ್ತು. ಬೂದು ಬಣ್ಣದ ಒಂದು ಮುದಿ ಹೆಣ್ಣು ಕುದುರೆ, ಅದರ ಪಕ್ಕ ರೈಡಿಂಗ್ ಸ್ಕೂಲಿನ ಕಾರಿನ್ ಅನ್ನುವ ಹೆಂಗಸು. ಎದುರಿಗೆ ನಲವತ್ತು ಫೋನುಗಳು. ಯೋಗೀಶನ ಕೈಯಲ್ಲಿ ಜರಿಯ ಪೇಟ. ಕೋಕಿಲಾಗೆ ಗುಟ್ಟು ಈಗಷ್ಟೇ ತಿಳಿದಿತ್ತು. ಅಷ್ಟರಲ್ಲೇ ಒಳಗೆ ಓಡಿ ಆರತಿ ತಟ್ಟೆ ತಂದು ಕರ್ಪೂರ ಹಚ್ಚಿಯೂ ಆಗಿತ್ತು. ಬಾ ಪುಟ್ಟಿ, ಡೊರಿಸ್ ಬಂದಿದ್ದಾಳೆ ನೋಡು, ಅಂತ ಯೋಗೀಶ ಕರೆದ.

ನಾನು ಬಾಯಿ ತೆರೆದೆ. ಹೇಳಲು ನನ್ನ ಹತ್ತಿರ ಹತ್ತು ಉಪಾಯಗಳಿದ್ದವು. ಮುಹೂರ್ತ ಸರಿಯಿಲ್ಲ ಅನ್ನಬಹುದಿತ್ತು, ಕುದುರೆಗೆ ಕಾಲು ನೋವಿದೆ ಅನ್ನಬಹುದಿತ್ತು, ಈ ವಿಷಯದಲ್ಲಿ ನನ್ನ ಮಾತನ್ನು ತೆಗೆದುಹಾಕುವವರು ಅಲ್ಲಿ ಯಾರೂ ಇರಲಿಲ್ಲ. ಆದರೆ ಈ ಹುಡುಗಿಯ ಪರವಾಗಿ ನಾನು ಒಮ್ಮೆ ಬಾಯಿ ತೆರೆದದ್ದು ಸಾಕಾಗಿತ್ತು. ಮುಚ್ಚಿಕೊಂಡೆ.

ಚಾರ್ವಿ ಬೇಲಿಯ ಹತ್ತಿರವೇ ನಿಂತಳು. "ಅಪ್ಪ, ನಾನು ಬಿದ್ದೆ" ಅಂದಳು. "ಹತ್ತು ದಿನ ಆಯ್ತು. ಆಮೇಲೆ ಹತ್ತಿಲ್ಲ. ಹತ್ತೋಕೆ ಆಗ್ತಿಲ್ಲ."

ಒಬ್ಬೊಬ್ಬರಾಗಿ ಫೋನು ಕೆಳಗಿಳಿಸಿದರು. ಅವಳು ಬಸ್ಸಿನ ಸದ್ದು ಹೇಳಿದಳು, ಬಾಲ್ಡರ್ ಬೆಚ್ಚಿದ್ದು ಹೇಳಿದಳು, ಲಗಾಮು ಸಡಿಲ ಇತ್ತು ಅಂತ ಹೇಳಿದಳು. ನನ್ನ ಹೆಸರು ಹೇಳಲಿಲ್ಲ. ನಾನೇ ಕೈ ಎತ್ತಿದೆ, ಅರಮನೆಯ ಅಂಗಳದಲ್ಲಿ ಏನು ಕೂಗಿದೆ, ಅದರಿಂದ ಏನಾಯಿತು ಅಂತ ನಲವತ್ತು ಜನರೆದುರು ಪೇಟ ತೆಗೆದು ಹೇಳಿದೆ. ನಿವೇದಿತಾ ಈ ಸಲ ಮುಖ ಮುಚ್ಚಿಕೊಳ್ಳಲಿಲ್ಲ. ಯೋಗೀಶ ನನ್ನನ್ನೇ ದುರುಗುಟ್ಟಿ ನೋಡಿದ. ನಾನಾಗಿದ್ದರೆ ಹೊಡೆದೇಬಿಡುತ್ತಿದ್ದೆ. ಅವನು ಕೈಯಲ್ಲಿದ್ದ ಜರಿಯ ಪೇಟವನ್ನು ಕಾಫಿ ಮೇಜಿನ ಮೇಲಿಟ್ಟ. ಕೋಕಿಲಾ ತಟ್ಟೆಯನ್ನು ಪಕ್ಕದ ಮನೆಯಾಕೆಯ ಕೈಗೆ ಕೊಟ್ಟು ಮಗಳ ತೋಳು, ಬೆನ್ನು, ಸೊಂಟ ಮುಟ್ಟಿ ನೋಡತೊಡಗಿದಳು. ಬೇಡ ಪುಟ್ಟಿ, ಬರಲ್ಲ ಅಂತ ಈಗಲೇ ಕಳಿಸು ಅಂತ ಅಳುತ್ತ ಅಂದಳು. ಯೋಗೀಶ ಕುದುರೆಯನ್ನು ವಾಪಸ್ ಟ್ರೈಲರಿಗೆ ಹತ್ತಿಸಲು ಕಾರಿನ್‌ಗೆ ಸ್ವೀಡಿಷ್‌ನಲ್ಲಿ ಹೇಳುತ್ತಿದ್ದ.

ಅವಳ ಮೇಲೆ ಯಾರಿಗೂ ಬೇಸರವಿಲ್ಲ, ಯಾರೂ ಬಲವಂತ ಮಾಡುತ್ತಿಲ್ಲ. ಬಿಟ್ಟುಬಿಡಲು ಇದಕ್ಕಿಂತ ಸುಲಭದ ಗಳಿಗೆ ಸಿಗಲಾರದು. ಚಾರ್ವಿ ಅಮ್ಮನ ಕೈ ಬಿಡಿಸಿಕೊಂಡು ಡೊರಿಸಳ ಹತ್ತಿರ ಹೋದಳು. ಆ ಮುದುಕಿ ಅವಳ ಕುರ್ತಾದ ಜೇಬಿಗೆ ಮೂತಿ ತೂರಿಸಿ ಹುಡುಕಿತು. ಚಾರ್ವಿ ಮನೆಗಳ ಮಾಡಿನ ಮೇಲೆ ಎತ್ತರದಲ್ಲಿದ್ದ ಸೂರ್ಯನನ್ನು ಒಮ್ಮೆ ನೋಡಿ ನನ್ನ ಕಡೆ ಕೈ ಚಾಚಿದಳು.

"ತಾತ, ಬೆಲ್ಲ ಇದೆಯಾ?"

ಇಲ್ಲದೆ ಏನು. ಅವಳು ಅಂಗೈ ಚಪ್ಪಟೆ ಮಾಡಿ ತಿನ್ನಿಸಿದಳು. ಕಾರಿನ್‌ಳ ಹತ್ತಿರ ಹೆಲ್ಮೆಟ್ ಇಸಿದುಕೊಂಡು ಹಾಕಿಕೊಂಡಳು. ಎಡಗಾಲು ರಿಕಾಪಿನಲ್ಲಿಟ್ಟಳು, ಮೊಣಕಾಲು ನಡುಗಿತು, ತೆಗೆದಳು. ಮತ್ತೆ ಇಟ್ಟಳು, ಮತ್ತೆ ತೆಗೆದಳು. ನಲವತ್ತು ಕನ್ನಡಿಗರು ಒಂದೂ ಮಾತಾಡದೆ ನಿಂತದ್ದನ್ನು ನಾನು ಅವತ್ತು ಬಿಟ್ಟರೆ ಬೇರೆಲ್ಲೂ ನೋಡಿಲ್ಲ. ಮೂರನೆಯ ಸಲ ಕಾಲಿಟ್ಟವಳು ಹಲ್ಲು ಕಚ್ಚಿ ಜೀನಿನ ಮೇಲಿದ್ದಳು.

ಕಾರಿನ್ ಹಗ್ಗವನ್ನು ನನ್ನ ಕೈಗೆ ಕೊಟ್ಟಳು. ನನ್ನ ಪೇಟ ಮತ್ತೆ ತಲೆಗಿಟ್ಟು, ಬಯಲಿನ ಸುತ್ತ ನಡೆಸಿಕೊಂಡು ಹೋದೆ. ಒಂದು ಪದವನ್ನೂ ಆಡಲಿಲ್ಲ. ಬೆನ್ನು ನೆಟ್ಟಗೆ ಅನ್ನಬೇಕೆನಿಸಿತು, ಹಿಮ್ಮಡಿ ಕೆಳಗೆ ಅನ್ನಬೇಕೆನಿಸಿತು, ಅನ್ನಲಿಲ್ಲ. ಮೂವತ್ತನಾಲ್ಕು ವರ್ಷಗಳಲ್ಲಿ ನನಗೆ ಅಷ್ಟು ಕಷ್ಟ ಕೊಟ್ಟ ಸುತ್ತು ಇನ್ನೊಂದಿಲ್ಲ. ಅರ್ಧ ದಾರಿಯಲ್ಲಿ ಯಾರದೋ ಮಗುವಿನ ಕೈಯ ಬಲೂನು ಢಪ್ಪೆಂದು ಒಡೆಯಿತು. ಡೊರಿಸ್ ಕಿವಿ ನಿಮಿರಿಸಿ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿತು. ಹಗ್ಗ ನನ್ನ ಕೈಯಲ್ಲಿತ್ತು, ಆದರೆ ಎಳೆದದ್ದು ನಾನಲ್ಲ. ಅಷ್ಟರಲ್ಲಿ ಚಾರ್ವಿಯ ಬೆರಳು ಲಗಾಮಿನ ಮೇಲೆ ಮುಚ್ಚಿ, ಕುದುರೆ ನಿಂತು, ಬೆರಳು ಮತ್ತೆ ತೆರೆದಿದ್ದವು. ನಾನು ಹೇಳದೆ ಉಳಿಸಿದ್ದ ಅರ್ಧ ಮಾತನ್ನು ಅವಳ ಕೈ ತಾನೇ ಕಲಿತುಕೊಂಡಿತ್ತು.

ಸುತ್ತು ಮುಗಿದ ಮೇಲೆ ಅವಳು ಜೀನಿನ ಮೇಲಿಂದಲೇ ಫೋನ್ ತೆಗೆದಳು. ಬರೆದಿದ್ದನ್ನು ಅಳಿಸಿ ಬೇರೆ ಏನೋ ಬರೆದು, ಕಳಿಸಿ, ಅಪ್ಪನ ಕೈಗೆ ಕೊಟ್ಟಳು. ಯೋಗೀಶ ಓದಿದ. ಓದಿದವನು ಫೋನನ್ನು ಕೋಕಿಲಾಗೆ ತೋರಿಸಿ, ಕಾಫಿ ಮೇಜಿನ ಮೇಲಿಂದ ಪೇಟ ತಂದು, ಅದನ್ನು ಹೆಲ್ಮೆಟ್ಟಿನ ಮೇಲೆ ಹೇಗೆ ಕೂರಿಸುವುದೆಂದು ತಿಳಿಯದೆ ತನ್ನ ತಲೆಗೇ ಇಟ್ಟುಕೊಂಡು ಅತ್ತ. ಕೋಕಿಲಾ ಮೂಗು ಒರೆಸಿಕೊಂಡು, ಕುದುರೆ ಬೆದರದ ಹಾಗೆ ದೂರದಿಂದಲೇ ಆರತಿ ಎತ್ತಿದಳು.

ಚಾರ್ವಿ ಲಗಾಮು ಕೂಡಿಸಿಕೊಂಡು ಬಯಲಿನ ಕಡೆ ತಿರುಗಿದಳು. ನಾನು ಇನ್ನೂ ಹಗ್ಗ ಹಿಡಿದೇ ಇದ್ದೆ. ಅವಳ ಎಡ ಮೊಣಕೈ ತುಸು ಹೊರಗಿತ್ತು. ಒಂದೇ ಒಂದು ಮಾತು, ಇದೊಂದು ಹೇಳಿಬಿಡುತ್ತೇನೆ ಅಂತ ಬಾಯಿ ತೆರೆದೆ.

ಅವಳು ಕತ್ತು ತಿರುಗಿಸಲಿಲ್ಲ. ಕಣ್ಣಷ್ಟೇ ನನ್ನ ಕಡೆ ಹೊರಳಿತು.

"ಹಿಂದೆ ಹೋಗಿ, ತಾತ."

ಹಗ್ಗದ ಕೊಂಡಿ ಬಿಚ್ಚಿದೆ. ಪೇಟ ಸರಿಮಾಡಿಕೊಂಡು, ಹಿಮ್ಮಡಿ ಕೂಡಿಸಿ ಸಲ್ಯೂಟ್ ಹೊಡೆದು, ಮೂರು ಹೆಜ್ಜೆ ಹಿಂದೆ ಸರಿದೆ.